ಕಚೇರಿಯ ಇಪಿಎಬಿಎಕ್ಸ್ ಮತ್ತು ಡೇಟಾ ಸ್ವಿಚ್: ದೋಷದ ವ್ಯಾಪ್ತಿಯಿಂದ ದೋಷದ ಜಾಗವನ್ನು ಹಿಡಿಯುವ ಕ್ರಮ

ಕಚೇರಿಯ ಫೋನ್ ಕೆಟ್ಟಿದೆ ಎಂಬ ದೂರು ಬಂದ ಕೂಡಲೇ ಹೆಚ್ಚಿನವರು ಇಪಿಎಬಿಎಕ್ಸ್‌ನ, ಅಂದರೆ ಕಚೇರಿಯ ಫೋನ್‌ಗಳನ್ನು ತಮ್ಮ ತಮ್ಮಲ್ಲೂ ಹೊರಗಿನ ಲೈನ್‌ಗಳಿಗೂ ಜೋಡಿಸುವ ಯಂತ್ರದ, ವಿದ್ಯುತ್ ಆರಿಸಿ ಮತ್ತೆ ಹಾಕುತ್ತಾರೆ. ಹಾಗೆ ಮಾಡಿದಾಗ ಕೆಲವೊಮ್ಮೆ ಫೋನ್‌ಗಳು ಸರಿಯಾಗುವುದೂ ಉಂಟು. ಆದರೆ ಅಲಾರಂ ದೀಪಗಳ ಸ್ಥಿತಿ, ಯಂತ್ರದೊಳಗಿನ ಸರ್ಕ್ಯೂಟ್ ಕಾರ್ಡ್‌ಗಳು ಎಣಿಸಿಟ್ಟ ದೋಷಗಳ ಲೆಕ್ಕ, ಬಿಡುಗಡೆಯಾಗದೆ ಉಳಿದಿದ್ದ ಟ್ರಂಕ್ (ಹೊರಗಿನ ಲೈನ್) ಯಾವುದು ಎಂಬ ಮಾಹಿತಿ ಮುಂತಾಗಿ ದೋಷದ ಜಾಗವನ್ನು ತೋರಿಸಬಹುದಾಗಿದ್ದ ಕುರುಹುಗಳೆಲ್ಲ ಆ ಕ್ಷಣದಲ್ಲೇ ಅಳಿಸಿಹೋಗುತ್ತವೆ. ಅದೇ ದೂರು ಮತ್ತೆ ಬಂದಾಗ ಕೈಯಲ್ಲಿ ಹಿಡಿಯಲು ಎಳೆಯೇ ಇರುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ರೀಸೆಟ್ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾರ ಯಾರ ಫೋನ್ ಕೆಟ್ಟಿದೆ, ಯಾರ ಯಾರ ಫೋನ್ ಕೆಟ್ಟಿಲ್ಲ?

ಈ ಪ್ರಶ್ನೆಗೆ ಇಷ್ಟು ಮಹತ್ವ ಬರಲು ಕಾರಣ ಸ್ವಿಚಿಂಗ್ ಯಂತ್ರಗಳು ಬೆಳೆದು ಬಂದ ಬಗೆಯಲ್ಲಿದೆ. ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಸ್ವಿಚ್‌ನಲ್ಲಿ ಒಂದು ಕರೆಗೆ ಒಂದು ಸಾಲು ಸೆಲೆಕ್ಟರ್‌ಗಳು (ಕರೆಗೆ ದಾರಿ ಹುಡುಕುವ, ಚಲಿಸುವ ಸ್ವಿಚ್‌ಗಳು) ಮೀಸಲಾಗುತ್ತಿದ್ದವು. ಸಿಕ್ಕಿಕೊಂಡ ಸೆಲೆಕ್ಟರನ್ನು ಕಣ್ಣಿನಿಂದ ನೋಡಬಹುದಿತ್ತು, ಅದರ ಸದ್ದನ್ನು ಕೇಳಿಯೇ ಅನುಭವಿಗಳು ಜಾಗ ಹೇಳುತ್ತಿದ್ದರು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯೂ ಮೊದಲಿಗೆ ಇಂಥ ಸ್ಟ್ರೌಜರ್ ಉಪಕರಣಗಳನ್ನೇ ತಯಾರಿಸಿತು. ಡಿಜಿಟಲ್ ಸ್ವಿಚಿಂಗ್ ಬಂದ ಮೇಲೆ ಚಿತ್ರ ಪೂರ್ತಿ ಬದಲಾಯಿತು. ಮಾತನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದು, 32 ಮಾರ್ಗಗಳ ಬಿಟ್‌ಗಳನ್ನು ಸರದಿಯ ಮೇಲೆ ಒಂದೇ ತಂತಿಯಲ್ಲಿ ಹರಿಸುವ ವಿಧಾನದಲ್ಲಿ, ಕರೆಯನ್ನು ಜೋಡಿಸುವುದೆಂದರೆ ಒಂದು ಟೈಮ್ ಸ್ಲಾಟ್‌ನ ಬಿಟ್‌ಗಳನ್ನು ಮೆಮೊರಿಯಲ್ಲಿ ಬರೆದಿಟ್ಟು ಇನ್ನೊಂದು ಸ್ಲಾಟ್‌ನ ಸರದಿ ಬಂದಾಗ ಓದುವುದು, ಅಷ್ಟೇ. 1975ರಲ್ಲಿ ನಾರ್ದರ್ನ್ ಟೆಲಿಕಾಂನ ಎಸ್‌ಎಲ್-1 ಮತ್ತು ರೋಲ್ಮ್ ಸಂಸ್ಥೆಯ ಸಿಬಿಎಕ್ಸ್ ಈ ವಿಧಾನವನ್ನು ಕಚೇರಿಯ ಒಳಗೆ ತಂದವು. ನಮ್ಮಲ್ಲಿ 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಕಚೇರಿಗಳಿಗೆ 128 ಪೋರ್ಟ್‌ಗಳ ಪಿಬಿಎಕ್ಸನ್ನೂ ಹಳ್ಳಿಗಳಿಗೆ ಅದೇ ಕುಟುಂಬದ ರಾಕ್ಸ್ ಎಂಬ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನೂ ರೂಪಿಸಿತು. ಆ ರಾಕ್ಸ್‌ನ ಮೊದಲ ಘಟಕ 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಚಾಲನೆಗೆ ಬಂತು. ಹವಾನಿಯಂತ್ರಣವಿಲ್ಲದ ಸಾಧಾರಣ ಕೋಣೆಯಲ್ಲಿ ನಡೆಯುವಂತೆ ಅದನ್ನು ವಿನ್ಯಾಸ ಮಾಡಿದ್ದು ನನ್ನ ದೃಷ್ಟಿಯಲ್ಲಿ ಆ ಯಂತ್ರದ ಅತಿ ದೊಡ್ಡ ಗುಣ.

ಈ ಆವಿಷ್ಕಾರಗಳ ಸರಣಿಯಲ್ಲಿ ಪ್ರತಿ ಹಂತದಲ್ಲೂ ಒಂದೇ ಸಂಗತಿ ನಡೆದಿದೆ: ಹಿಂದೆ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿದ್ದ ಭಾಗ ಹಲವರಿಗೆ ಹಂಚಿದ ಭಾಗವಾಯಿತು. ಆದ್ದರಿಂದ ಈಗ ದೋಷ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಆದರೆ ಅದು ಎಷ್ಟು ಜನರಿಗೆ, ಯಾವ ಗುಂಪಿಗೆ, ಯಾವ ಸರದಿಯಲ್ಲಿ ತಟ್ಟಿದೆ ಎಂಬುದನ್ನು ನೋಡಿದರೆ ಅಷ್ಟೇ ಜನ ಹಂಚಿಕೊಂಡಿರುವ ಭಾಗ ಯಾವುದೋ ಅದರ ಕಡೆಗೇ ಅದು ಬೆರಳು ತೋರಿಸುತ್ತದೆ. ಒಂದೇ ಎಕ್ಸ್‌ಟೆನ್ಷನ್ ಆದರೆ ತಂತಿ ಮತ್ತು ಲೈನ್ ಸರ್ಕ್ಯೂಟ್. ನಾಲ್ಕಾದರೆ ಹೆಚ್ಚಾಗಿ ಮಾತನ್ನು ಸಂಖ್ಯೆಯಾಗಿಸುವ ಒಂದು ಕೊಡೆಕ್ ಚಿಪ್. ಎಂಟು ಅಥವಾ ಹದಿನಾರಾದರೆ ಒಂದು ಕಾರ್ಡ್. ಯಾರಿಗೆಂದು ಹೇಳಲಾಗದಂತೆ ಆಗೊಮ್ಮೆ ಈಗೊಮ್ಮೆ ಆದರೆ ಸರದಿಯ ಮೇಲೆ ಎಲ್ಲರಿಗೂ ಸಿಗುವ ಸಾಮಾನ್ಯ ಭಾಗ. ಒಳಗಿನ ಕರೆಗಳೆಲ್ಲ ಸರಿಯಿದ್ದು ಹೊರಗಿನವು ಮಾತ್ರ ಕೆಟ್ಟರೆ ಟ್ರಂಕ್. ಎಲ್ಲವೂ ಒಮ್ಮೆಗೇ ನಿಂತರೆ ವಿದ್ಯುತ್ ಅಥವಾ ಬಿಟ್‌ಗಳ ವೇಗವನ್ನು ನಿಯಂತ್ರಿಸುವ ಯಂತ್ರದೊಳಗಿನ ಗಡಿಯಾರ. ಕಟ್ಟಡದ ತಂತಿಗಳು ಯಂತ್ರದ ತಂತಿಗಳನ್ನು ಸೇರುವ ಎಂಡಿಎಫ್ ಪೆಟ್ಟಿಗೆಯ ಬಾಗಿಲೊಳಗೆ ಯಾವ ಎಕ್ಸ್‌ಟೆನ್ಷನ್ ಯಾವ ಕಾರ್ಡ್‌ನ ಯಾವ ಪೋರ್ಟ್‌ನಲ್ಲಿದೆ ಎಂಬ ಪಟ್ಟಿಯನ್ನು ಅಂಟಿಸಿಡದ ಕಚೇರಿಯಲ್ಲಿ ಈ ತರ್ಕಕ್ಕೆ ಆಧಾರವೇ ಇರುವುದಿಲ್ಲ. ಪಟ್ಟಿ ಇಲ್ಲದಿದ್ದರೆ ದುರಸ್ತಿಗೂ ಮೊದಲು ಅದನ್ನು ತಯಾರಿಸಿಕೊಳ್ಳಬೇಕು.

ಒಂದೇ ಎಕ್ಸ್‌ಟೆನ್ಷನ್ ಕೆಟ್ಟಾಗ

ಮೊದಲು ಸರಿಯಿರುವ ಇನ್ನೊಂದು ಫೋನನ್ನು ಅದೇ ರೋಸೆಟ್‌ಗೆ (ಗೋಡೆಯ ಫೋನ್ ಪೆಟ್ಟಿಗೆಗೆ) ಹಾಕಿ ನೋಡಬೇಕು. ಆಗಲೂ ಡಯಲ್ ಟೋನ್ ಬಾರದಿದ್ದರೆ ನೇರವಾಗಿ ಎಂಡಿಎಫ್‌ಗೆ ಹೋಗಬೇಕು, ಏಕೆಂದರೆ ಕಟ್ಟಡದ ತಂತಿಯ ಕಡೆಯನ್ನೂ ಯಂತ್ರದ ಕಡೆಯನ್ನೂ ಬೇರ್ಪಡಿಸಿ ನೋಡಲು ಸಿಗುವ ಒಂದೇ ಜಾಗ ಅದು. ತಂತಿಗಳನ್ನು ಸಿಕ್ಕಿಸುವ ಕ್ರೋನ್ ಮಾಡ್ಯೂಲ್‌ನಲ್ಲಿ ಆ ಫೋನಿನ ತಂತಿ ಜೋಡಿಯ ಮೇಲೆ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ಅಳೆಯಿರಿ. ಫೋನ್ ಇಟ್ಟಿರುವಾಗ ಯಂತ್ರದ ಮಾದರಿಗೆ ತಕ್ಕಂತೆ 24 ಅಥವಾ 48 ವೋಲ್ಟ್ ಸುತ್ತಮುತ್ತ ಬರಬೇಕು. ಎತ್ತಿದಾಗ ಅದು ಸಾಮಾನ್ಯವಾಗಿ 6ರಿಂದ 10 ವೋಲ್ಟ್‌ಗೆ ಇಳಿಯಬೇಕು, ಮತ್ತು ಸುಮಾರು 20ರಿಂದ 35 ಮಿಲಿಆಂಪಿಯರ್ ಪ್ರವಾಹ ಹರಿಯಬೇಕು.

48 ವೋಲ್ಟ್ ಸರಿಯಾಗಿದ್ದು, ಫೋನ್ ಎತ್ತಿದರೂ ಆ ಅಂಕಿ ಕದಲದಿದ್ದರೆ ತಂತಿ ನಡುವೆ ಎಲ್ಲೋ ತುಂಡಾಗಿದೆ. ವೋಲ್ಟೇಜ್ ಶೂನ್ಯದ ಹತ್ತಿರವಿದ್ದರೆ ಕಟ್ಟಡದ ಕಡೆಯ ಜಂಪರ್ ಬಿಡಿಸಿ ಮತ್ತೆ ಅಳೆಯಬೇಕು: ಬಿಡಿಸಿದ ಕೂಡಲೇ 48 ಮರಳಿದರೆ ಜೋಡಿಯಲ್ಲಿ ಶಾರ್ಟ್ ಇದೆ, ಬಿಡಿಸಿದ ಮೇಲೂ ಶೂನ್ಯವೇ ಇದ್ದರೆ ಲೈನ್ ಕಾರ್ಡ್‌ನ ಆ ಪೋರ್ಟ್ ಸತ್ತಿದೆ. ಇವೆರಡರ ನಡುವಿನ ಅಂಕಿ, ಅಂದರೆ 48ರ ಬದಲು 30 ಅಥವಾ 35, ಬಂದಾಗ ಹೆಚ್ಚು ಎಚ್ಚರ ಬೇಕು. ಅದು ಒದ್ದೆಯಾದ ಜಾಯಿಂಟ್‌ನ ಅಥವಾ ಸಿಪ್ಪೆ ಹೋದ ತಂತಿಯ ಮೂಲಕ ಆಗುತ್ತಿರುವ ಸೋರಿಕೆಯ ಗುರುತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಕರಕರ ಸದ್ದಿನ ದೂರುಗಳಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ. ಟೆಲಿಫೋನ್ ಬ್ಯಾಟರಿಯ ಧನ ಧ್ರುವವನ್ನು ಭೂಮಿಗೆ ಜೋಡಿಸಿ ತಂತಿಯನ್ನು ಋಣ 48ರಲ್ಲಿ ಇಡುವ ಹಳೆಯ ಪದ್ಧತಿಗೂ ಈ ತೇವವೇ ಕಾರಣ. ಹಾಗೆ ಮಾಡಿದರೆ ಒದ್ದೆಯಲ್ಲಿ ತಾಮ್ರ ಕರಗಿಹೋಗುವುದು ತೀರ ಕಡಿಮೆಯಾಗುತ್ತದೆ.

ಸೋರಿಕೆಯನ್ನು ಖಚಿತಪಡಿಸಿಕೊಳ್ಳಲು ಹೆಚ್ಚು ವೋಲ್ಟೇಜ್ ಹಾಯಿಸಿ ನಿರೋಧವನ್ನು ಅಳೆಯುವ ಮೆಗ್ಗರ್ ಬಳಸಬಹುದು, ಆದರೆ ಜೋಡಿಯನ್ನು ಕಾರ್ಡ್‌ನಿಂದಲೂ ಫೋನ್‌ನಿಂದಲೂ ಬಿಡಿಸಿದ ನಂತರ ಮಾತ್ರ. 500 ವೋಲ್ಟ್ ಕಾರ್ಡ್‌ನೊಳಗೆ ಹೋದರೆ ಇದ್ದ ಒಂದು ದೋಷದ ಜೊತೆಗೆ ಇನ್ನೊಂದನ್ನು ಸೃಷ್ಟಿಸಿದಂತಾಗುತ್ತದೆ. ತಂತಿಗಳ ನಡುವೆಯೂ ಪ್ರತಿ ತಂತಿ ಮತ್ತು ಅರ್ತ್ ನಡುವೆಯೂ ಹಲವು ಮೆಗಾಓಮ್ ಬರಬೇಕು. ದೂರದ ತುದಿಯಲ್ಲಿ ಜೋಡಿಯನ್ನು ಶಾರ್ಟ್ ಮಾಡಿ ಲೂಪ್ ರೆಸಿಸ್ಟೆನ್ಸ್ ಅಳೆದರೆ ತಂತಿಯ ಉದ್ದಕ್ಕೆ ತಕ್ಕ ಅಂಕಿ ಬರಬೇಕು: 0.5 ಮಿಲಿಮೀಟರ್ ತಾಮ್ರದ ಜೋಡಿಗೆ ಕಿಲೋಮೀಟರಿಗೆ ಸುಮಾರು 168 ಓಮ್, ಅಂದರೆ 200 ಮೀಟರಿಗೆ 34 ಓಮ್. ಆ ಜಾಗದಲ್ಲಿ 150 ಓಮ್ ಬಂದರೆ ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿದೆ ಎಂದರ್ಥ.

ಒಂದು ರಿಂಗ್ ಆಗಿ ನಿಂತುಬಿಡುತ್ತದೆ, ಎತ್ತುವ ಮೊದಲೇ ಕರೆ ಕಟ್ಟಾಗುತ್ತದೆ ಎಂಬ ದೂರಿಗೆ ಜನ ಫೋನನ್ನೇ ದೂಷಿಸುತ್ತಾರೆ, ಆದರೆ ನಿಜವಾದ ಕಾರಣ ಬಹುಪಾಲು ಜೋಡಿಯ ಸೋರಿಕೆ. ರಿಂಗ್ ಎನ್ನುವುದು ಸುಮಾರು 75 ವೋಲ್ಟ್, 25 ಹರ್ಟ್ಸ್‌ನ ಎಸಿ. ಅದರ ಜೊತೆಗೆ ಡಿಸಿಯೂ ಇರುತ್ತದೆ. ರಿಂಗ್ ನಡೆಯುತ್ತಿರುವಾಗ ಡಿಸಿ ಪ್ರವಾಹ ಹರಿಯತೊಡಗಿದರೆ ಯಾರೋ ಫೋನ್ ಎತ್ತಿದರು ಎಂದು ಲೈನ್ ಸರ್ಕ್ಯೂಟ್ ತಿಳಿದು ರಿಂಗ್ ನಿಲ್ಲಿಸುತ್ತದೆ. ಸೋರುವ ಜೋಡಿಯಲ್ಲಿ ಫೋನ್ ಎತ್ತದೆಯೇ ಪ್ರವಾಹ ಹರಿಯುವುದರಿಂದ ಯಂತ್ರ ಮೋಸಹೋಗುತ್ತದೆ. ಒಂದೇ ಜೋಡಿಗೆ ಮೂರು ನಾಲ್ಕು ಫೋನ್‌ಗಳನ್ನು ಸಮಾನಾಂತರವಾಗಿ ಸಿಕ್ಕಿಸಿದ್ದರೆ ಅದನ್ನೂ ಬಿಡಿಸಿ ನೋಡಬೇಕು. ಅಲ್ಲಿ ರಿಂಗ್‌ನ ಶಕ್ತಿ ಹಂಚಿಹೋಗಿ ಯಾವ ಫೋನೂ ಸರಿಯಾಗಿ ಬಡಿಯುವುದಿಲ್ಲ. ಈ ಅಳತೆಗಳನ್ನು ಮಾಡುವಾಗ ಬರಿಗೈಯಿಂದ ತಂತಿ ಹಿಡಿಯಬಾರದು, ರಿಂಗ್ ಬಂದರೆ ಚೆನ್ನಾಗಿಯೇ ಶಾಕ್ ಹೊಡೆಯುತ್ತದೆ. ಸಿಡಿಲಿನ ಸಮಯದಲ್ಲಂತೂ ಎಂಡಿಎಫ್‌ನ ಬಾಗಿಲನ್ನೇ ತೆರೆಯಬಾರದು.

ಮಾತಿನ ಹಿಂದೆ ಗುಂಯ್ ಎಂಬ ಸದ್ದಿದ್ದರೆ ಅದು 50 ಹರ್ಟ್ಸ್‌ನ ಕೆಲಸ. ಜೋಡಿಯ ಎರಡೂ ತಂತಿಗಳು ಅರ್ತ್‌ಗೆ ಸಮಾನವಾಗಿದ್ದರೆ ಪಕ್ಕದ ವಿದ್ಯುತ್ ತಂತಿಯಿಂದ ಬಂದ ಪ್ರಭಾವ ಎರಡರಲ್ಲೂ ಒಂದೇ ಆಗಿ ರದ್ದಾಗುತ್ತದೆ. ಒಂದು ತಂತಿ ಮಾತ್ರ ಅರ್ತ್‌ಗೆ ತಗುಲಿದ್ದರೆ ಆ ಸಮತೋಲ ತಪ್ಪಿ ಸದ್ದು ಮಾತಿನೊಳಗೆ ಬರುತ್ತದೆ. ಪ್ರತಿ ತಂತಿಗೂ ಅರ್ತ್‌ಗೂ ನಡುವಿನ ಎಸಿ ವೋಲ್ಟೇಜ್ ಅಳೆದು ಹೋಲಿಸಿದರೆ ತಗುಲಿರುವ ತಂತಿ ಯಾವುದೆಂದು ಕೂಡಲೇ ಗೊತ್ತಾಗುತ್ತದೆ.

ನಾಲ್ಕು, ಎಂಟು, ಹದಿನಾರು

ಹಳೆಯ ಲೈನ್ ಸರ್ಕ್ಯೂಟ್‌ನಲ್ಲಿ ಟ್ರಾನ್ಸ್‌ಫಾರ್ಮರ್, ರಿಲೇ, ಕೆಪಾಸಿಟರ್‌ಗಳು ಪ್ರತಿ ಎಕ್ಸ್‌ಟೆನ್ಷನ್‌ಗೂ ಬೇರೆ ಬೇರೆ ಇದ್ದವು. ಬ್ಯಾಟರಿ ಕೊಡುವುದು, ಅಧಿಕ ವೋಲ್ಟೇಜ್‌ನಿಂದ ಕಾಪಾಡುವುದು, ರಿಂಗ್ ಕೊಡುವುದು, ಫೋನ್ ಎತ್ತಿದ್ದನ್ನು ಗುರುತಿಸುವುದು, ಮಾತನ್ನು ಸಂಖ್ಯೆಯಾಗಿಸುವುದು, ಎರಡು ತಂತಿಯ ಮಾತನ್ನು ಹೋಗುವ ಬರುವ ಎರಡು ದಾರಿಗಳಾಗಿ ಬೇರ್ಪಡಿಸುವುದು, ಪರೀಕ್ಷೆಗೆ ದಾರಿ ಮಾಡಿಕೊಡುವುದು ಎಂಬ ಏಳು ಕೆಲಸಗಳನ್ನು ಈಗ ಸ್ಲಿಕ್ ಮತ್ತು ಕೊಡೆಕ್ ಎಂಬ ಚಿಪ್‌ಗಳು ಹಂಚಿಕೊಂಡು ಮಾಡುತ್ತವೆ. ನಾಲ್ಕು ಲೈನ್‌ಗಳಿಗೆ ಒಂದೇ ಕೊಡೆಕ್ ಇರುವ ಕಾರ್ಡ್‌ಗಳು ಬಹಳ. ಆದ್ದರಿಂದ ಕಾರ್ಡ್‌ನ 1ರಿಂದ 4ರವರೆಗಿನ ಪೋರ್ಟ್‌ಗಳಲ್ಲಿ ಡಿಸಿ ವೋಲ್ಟೇಜ್ ಸರಿಯಿದ್ದು, ರಿಂಗ್ ಕೂಡ ಆಗಿ, ಮಾತು ಮಾತ್ರ ಕೇಳದಿದ್ದರೆ ಅನುಮಾನ ಕೊಡೆಕ್ ಮೇಲೆ. ಒಂದೇ ದಿಕ್ಕಿನ ಮಾತು ಹೋದರೂ ಅದೇ ಅನುಮಾನ. ಕಾರ್ಡ್‌ನ ಎಲ್ಲ ಪೋರ್ಟ್‌ಗಳಲ್ಲೂ ಮಾತಿದ್ದು ರಿಂಗ್ ಮಾತ್ರ ಇಲ್ಲದಿದ್ದರೆ ರಿಂಗ್ ಜನರೇಟರ್‌ನಿಂದ ಆ ಕಾರ್ಡ್‌ಗೆ ಬರುವ ದಾರಿಯನ್ನು ನೋಡಬೇಕು; ಯಾವ ಕಾರ್ಡ್‌ನಲ್ಲೂ ರಿಂಗ್ ಇಲ್ಲದಿದ್ದರೆ ಜನರೇಟರೇ ಕೆಟ್ಟಿದೆ.

ಕಾರ್ಡ್ ಕೆಟ್ಟಿದೆಯೋ ಅದು ಕೂರುವ ಸ್ಲಾಟ್ ಕೆಟ್ಟಿದೆಯೋ ಎಂದು ತಿಳಿಯಲು ಅದೇ ಜಾತಿಯ ಎರಡು ಕಾರ್ಡ್‌ಗಳನ್ನು ಅದಲು ಬದಲು ಮಾಡಬೇಕು. ದೋಷ ಕಾರ್ಡ್‌ನ ಹಿಂದೆ ಹೋದರೆ ಕಾರ್ಡ್, ಸ್ಲಾಟ್‌ನಲ್ಲೇ ಉಳಿದರೆ ಬ್ಯಾಕ್‌ಪ್ಲೇನ್ (ಕಾರ್ಡ್‌ಗಳು ಕೂರುವ ಹಿಂದಿನ ಫಲಕ) ಅಥವಾ ಅಲ್ಲಿಂದ ಎಂಡಿಎಫ್‌ಗೆ ಬರುವ ಕೇಬಲ್. ವಿದ್ಯುತ್ ಇರುವಾಗಲೇ ಕಾರ್ಡ್ ಎಳೆಯಲು ಅನುಮತಿ ಇದೆಯೇ ಎಂಬುದನ್ನು ಆ ಯಂತ್ರದ ಪುಸ್ತಕದಲ್ಲಿ ನೋಡಿಕೊಳ್ಳದೆ ಕೈ ಹಾಕಬಾರದು, ಮತ್ತು ಅರ್ತ್‌ಗೆ ಜೋಡಿಸಿದ ಕೈಪಟ್ಟಿ ಇಲ್ಲದೆ ಕಾರ್ಡ್ ಮುಟ್ಟಬಾರದು.

ಏಪ್ರಿಲ್, ಮೇ ತಿಂಗಳ ಸಿಡಿಲು ಮಳೆಯ ಮರುದಿನ ಒಂದೇ ಕಾರ್ಡ್‌ನ ಅಲ್ಲೊಂದು ಇಲ್ಲೊಂದು ಪೋರ್ಟ್ ಹೋಗಿದ್ದರೆ ಅವೆಲ್ಲ ಕಟ್ಟಡದಿಂದ ಹೊರಗೆ ಹೋಗುವ ಜೋಡಿಗಳೇ, ಅಂದರೆ ಕಾವಲು ಕೋಣೆ, ಗೋದಾಮು, ಇನ್ನೊಂದು ಬ್ಲಾಕ್‌ಗೆ ಹೋಗುವ ಲೈನ್‌ಗಳೇ ಎಂದು ಪಟ್ಟಿಯಲ್ಲಿ ನೋಡಿ. ಹಾಗಿದ್ದರೆ ಎಂಡಿಎಫ್‌ನಲ್ಲಿ ಆ ಜೋಡಿಗಳ ರಕ್ಷಕ ಮಾಡ್ಯೂಲ್‌ಗಳನ್ನು ತೆಗೆದು ಪರೀಕ್ಷಿಸಬೇಕು. ಅವುಗಳೊಳಗಿನ ಗ್ಯಾಸ್ ಟ್ಯೂಬ್ ಹಲವು ಹೊಡೆತಗಳನ್ನು ತಡೆದ ಮೇಲೆ ತಾನೇ ಶಾರ್ಟ್ ಆಗಿ ಉಳಿಯುತ್ತದೆ. ಆಗ ಲೈನ್ ಸತ್ತಂತೆ ಕಂಡರೂ ಕಾರ್ಡ್ ಬದುಕಿರುತ್ತದೆ. ಮಾಡ್ಯೂಲ್ ಇದ್ದೂ ಕಾರ್ಡ್ ಸುಟ್ಟಿದ್ದರೆ ಎಂಡಿಎಫ್‌ನ ಅರ್ತ್ ತಂತಿ ನಿಜವಾಗಿಯೂ ಅರ್ತ್ ಪಿಟ್ ತನಕ ಹೋಗಿದೆಯೇ ಎಂದು ನೋಡಲೇಬೇಕು. ಅದನ್ನು ನೋಡದೆ ಹೊಸ ಕಾರ್ಡ್ ಹಾಕುವುದು ಹಣ ಮತ್ತು ಶ್ರಮ ಎರಡನ್ನೂ ಮುಂದಿನ ಸಿಡಿಲಿಗೆ ಒಪ್ಪಿಸಿದಂತೆ.

ಬಂದು ಹೋಗುವ ದೋಷ

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವ ದೂರು ಇದು: ಡಯಲ್ ಟೋನ್ ಇದೆ, ನಂಬರ್ ಒತ್ತಿದರೆ ಟೋನ್ ನಿಲ್ಲುವುದಿಲ್ಲ, ಇಟ್ಟು ಮತ್ತೆ ಎತ್ತಿ ಒತ್ತಿದರೆ ಕರೆ ಹೋಗುತ್ತದೆ. ದೂರು ಒಂದು ದಿನ ಲೆಕ್ಕ ವಿಭಾಗದಿಂದ, ಇನ್ನೊಂದು ದಿನ ಆಡಳಿತ ವಿಭಾಗದಿಂದ ಬರುತ್ತದೆ, ತಂತ್ರಜ್ಞ ಹೋಗಿ ನೋಡುವಾಗ ಎಲ್ಲ ಸರಿಯಿರುತ್ತದೆ. ಇಲ್ಲಿ ಫೋನ್ ಬದಲಿಸಿ ಪ್ರಯೋಜನವಿಲ್ಲ.

ಫೋನ್‌ನ ಗುಂಡಿ ಒತ್ತಿದಾಗ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ: ಸಾಲಿಗೆ 697, 770, 852, 941 ಹರ್ಟ್ಸ್‌ಗಳಲ್ಲಿ ಒಂದು, ಕಂಬಕ್ಕೆ 1209, 1336, 1477 ಹರ್ಟ್ಸ್‌ಗಳಲ್ಲಿ ಒಂದು. ಅವನ್ನು ಗುರುತಿಸುವ ರಿಸೀವರ್ ಪ್ರತಿ ಎಕ್ಸ್‌ಟೆನ್ಷನ್‌ಗೂ ಇರುವುದಿಲ್ಲ; ಬೆರಳೆಣಿಕೆಯಷ್ಟು ರಿಸೀವರ್‌ಗಳನ್ನು ಒಂದೆಡೆ ಇಟ್ಟು, ಫೋನ್ ಎತ್ತಿದವರಿಗೆ ಸರದಿಯಂತೆ ಒಂದನ್ನು ಕೊಟ್ಟು, ಡಯಲ್ ಮುಗಿದ ಮೇಲೆ ಹಿಂದಕ್ಕೆ ಪಡೆಯುವುದು ಯಂತ್ರದ ಪದ್ಧತಿ. ನಾಲ್ಕರಲ್ಲಿ ಒಂದು ರಿಸೀವರ್ ಕೆಟ್ಟರೆ ನಾಲ್ಕು ಪ್ರಯತ್ನಗಳಲ್ಲಿ ಒಂದು ವಿಫಲವಾಗುತ್ತದೆ, ಮತ್ತು ಅದು ಯಾರ ಪಾಲಿಗೆ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಪರೀಕ್ಷೆ ಸುಲಭ: ಕಚೇರಿಯ ಬಿಡುವಿನ ಹೊತ್ತಿನಲ್ಲಿ ಒಂದೇ ಫೋನಿನಿಂದ ಎತ್ತುವುದು, ಒಂದು ಅಂಕಿ ಒತ್ತುವುದು, ಟೋನ್ ನಿಂತಿತೇ ಎಂದು ಬರೆದುಕೊಳ್ಳುವುದು, ಇಡುವುದು. ವೈಫಲ್ಯ ನಿಯಮಿತ ಅಂತರದಲ್ಲಿ ಬಂದರೆ ಕೆಟ್ಟ ರಿಸೀವರ್ ಇದೆ ಎಂಬುದು ಖಚಿತ. ಬಹುತೇಕ ಯಂತ್ರಗಳಲ್ಲಿ ನಿರ್ವಹಣಾ ಆಜ್ಞೆಯಿಂದ ರಿಸೀವರ್‌ಗಳನ್ನು ಒಂದೊಂದಾಗಿ ಸೇವೆಯಿಂದ ತೆಗೆಯಬಹುದು. ಯಾವುದನ್ನು ತೆಗೆದಾಗ ವೈಫಲ್ಯ ನಿಲ್ಲುತ್ತದೋ ಅದೇ ದೋಷಿ. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿನಲ್ಲಿ ಡಯಲ್ ಟೋನ್ ಬರುವುದೇ ತಡವಾಗುತ್ತಿದ್ದರೆ ರಿಸೀವರ್‌ಗಳು ಕೆಟ್ಟಿಲ್ಲ, ಸಾಲುತ್ತಿಲ್ಲ.

ಇದಕ್ಕೆ ವಿರುದ್ಧವಾಗಿ, ಒಂದೇ ಫೋನಿನಲ್ಲಿ 3, 6, 9 ಮಾತ್ರ ಹೋಗದಿದ್ದರೆ ಅದು 1477 ಹರ್ಟ್ಸ್‌ನ ಕಂಬ. ಆ ಫೋನಿನ ಕೀಪ್ಯಾಡ್ ಕೆಟ್ಟಿದೆ, ಯಂತ್ರದ ತಪ್ಪಿಲ್ಲ.

ಅನಲಾಗ್ ಟ್ರಂಕ್ ಬಿಡುಗಡೆಯಾಗದೆ ಉಳಿದಾಗ

ಹೊರಗಿನವರು ಫೋನ್ ಇಟ್ಟ ಮೇಲೂ ಟ್ರಂಕ್ ಕಾರ್ಯನಿರತವಾಗಿಯೇ ಉಳಿದು, ಸಂಜೆಯ ಹೊತ್ತಿಗೆ ಎಲ್ಲ ಲೈನ್‌ಗಳೂ ತುಂಬಿಹೋಗುವ ದೋಷ ಕರೆಗೆ ಯಂತ್ರವೇ ಉತ್ತರಿಸುವ ಆಟೋ ಅಟೆಂಡೆಂಟ್ ಇರುವ ಕಚೇರಿಗಳಲ್ಲಿ ಸಾಮಾನ್ಯ. ಆ ಕಡೆಯವರು ಇಟ್ಟರು ಎಂಬುದನ್ನು ಯಂತ್ರ ಬ್ಯುಸಿ ಟೋನ್ ಕೇಳಿಯೋ ಲೈನಿನ ಧ್ರುವ ಬದಲಾದದ್ದನ್ನು ನೋಡಿಯೋ ತಿಳಿಯಬೇಕು. ಭಾರತದ ಬ್ಯುಸಿ ಟೋನ್ 400 ಹರ್ಟ್ಸ್‌ನದು, 0.75 ಸೆಕೆಂಡ್ ಇದ್ದು 0.75 ಸೆಕೆಂಡ್ ಇಲ್ಲದಂತೆ ಬರುತ್ತದೆ; ಅಮೆರಿಕದ ಟೋನ್‌ನಲ್ಲಿ 480 ಮತ್ತು 620 ಹರ್ಟ್ಸ್ ಕೂಡಿರುತ್ತವೆ. ಯಂತ್ರದಲ್ಲಿ ದೇಶದ ಆಯ್ಕೆ ತಪ್ಪಾಗಿದ್ದರೆ ನಮ್ಮ ಟೋನ್ ಅದಕ್ಕೆ ಅರ್ಥವೇ ಆಗುವುದಿಲ್ಲ. ಕಾರ್ಡ್ ಬದಲಿಸುವ ಮೊದಲು ಈ ಒಂದು ಆಯ್ಕೆಯನ್ನು ನೋಡಿಕೊಳ್ಳಬೇಕು.

ಪಿಆರ್‌ಐ ಮತ್ತು ಗಡಿಯಾರ

30 ಕರೆಗಳನ್ನು ಒಂದೇ ಸಂಪರ್ಕದಲ್ಲಿ ತರುವ ಪಿಆರ್‌ಐ ನಿಂತಾಗ ಕಾರ್ಡ್‌ನ ಅಲಾರಂಗಳನ್ನು ಓದುವುದರಿಂದ ಆರಂಭಿಸಬೇಕು. ಸಂಕೇತವೇ ಇಲ್ಲ ಎಂಬ ಅಲಾರಂ ಇದ್ದರೆ ನಮಗೆ ಬರುವ ಜೋಡಿ ತುಂಡಾಗಿದೆ ಅಥವಾ ಆಪರೇಟರ್‌ನ (ದೂರವಾಣಿ ಸೇವೆ ಕೊಡುವ ಸಂಸ್ಥೆಯ) ಮೋಡೆಮ್ ಆರಿದೆ. ದೂರದ ತುದಿಯ ಅಲಾರಂ ಮಾತ್ರ ಇದ್ದರೆ ಅವರದು ನಮಗೆ ಬರುತ್ತಿದೆ, ನಮ್ಮದು ಅವರಿಗೆ ತಲುಪುತ್ತಿಲ್ಲ, ಅಂದರೆ ನಾವು ಕಳಿಸುವ ಜೋಡಿಯಲ್ಲಿ ದೋಷ. ಎಲ್ಲ ಬಿಟ್‌ಗಳೂ 1 ಆಗಿ ಬರುವ ಅಲಾರಂ ಇದ್ದರೆ ದೋಷ ಆಪರೇಟರ್‌ನ ಉಪಕರಣದಿಂದಲೂ ಆಚೆಗಿದೆ. ಆಗ ನಮ್ಮ ಕೇಬಲ್ ಕೆದಕುವ ಅಗತ್ಯವಿಲ್ಲ, ದೂರು ಕೊಟ್ಟರೆ ಸಾಕು.

ನಮ್ಮ ಕಾರ್ಡ್ ಸರಿಯಿದೆಯೇ ಎಂದು ತಿಳಿಯಲು ಆರ್‌ಜೆ-45 ಕನೆಕ್ಟರ್‌ನಲ್ಲಿ 1ನೇ ಪಿನ್ನನ್ನು 4ಕ್ಕೆ, 2ನೇ ಪಿನ್ನನ್ನು 5ಕ್ಕೆ ಜೋಡಿಸಿದ ಲೂಪ್ ಪ್ಲಗ್ ಮಾಡಿಕೊಂಡು ಕಾರ್ಡ್‌ಗೆ ಹಾಕಬೇಕು. ಸಂಕೇತವಿಲ್ಲ ಎಂಬ ಅಲಾರಂ ಆರಿದರೆ ಕಾರ್ಡ್‌ನ ಕಳಿಸುವ ಮತ್ತು ಪಡೆಯುವ ಭಾಗಗಳು ಬದುಕಿವೆ. 16ನೇ ಸ್ಲಾಟ್‌ನಲ್ಲಿರುವ, ಕರೆಗಳ ಸೂಚನೆಗಳನ್ನು ಒಯ್ಯುವ ಡಿ ಚಾನೆಲ್ ಈ ಲೂಪ್‌ನಲ್ಲಿ ಮೇಲೇಳುವುದಿಲ್ಲ, ಏಕೆಂದರೆ ಅದಕ್ಕೆ ಒಂದು ಕಡೆ ಗ್ರಾಹಕ, ಇನ್ನೊಂದು ಕಡೆ ನೆಟ್‌ವರ್ಕ್ ಬೇಕು; ಅದನ್ನು ನೋಡಿ ಕಾರ್ಡ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು.

ಇವೆಲ್ಲ ನೇರ ದೋಷಗಳು. ಬಹಳ ಕಾಲ ಗುರುತೇ ಸಿಗದೆ ಉಳಿಯುವುದು ಗಡಿಯಾರದ ದೋಷ. ಅದರ ಲಕ್ಷಣ ಹೀಗಿರುತ್ತದೆ: ಯಾವ ಅಲಾರಂ ಕೂಡ ಇಲ್ಲ, ಕರೆಗಳು ಹೋಗುತ್ತವೆ, ಬರುತ್ತವೆ, ಮಾತಿನ ನಡುವೆ ಆಗಾಗ ಟಿಕ್ ಎಂಬ ಸಣ್ಣ ಸದ್ದು ಬರುತ್ತದೆಯಾದರೂ ಯಾರೂ ಅದನ್ನು ದೂರಾಗಿ ಹೇಳುವುದಿಲ್ಲ. ಆದರೆ ಫ್ಯಾಕ್ಸ್ ಅರ್ಧ ಪುಟಕ್ಕೆ ನಿಲ್ಲುತ್ತದೆ, ಕಾರ್ಡ್ ಉಜ್ಜುವ ಯಂತ್ರದ ಹಳೆಯ ಮೋಡೆಮ್ ಸಂಪರ್ಕ ಕಡಿದುಕೊಳ್ಳುತ್ತದೆ. ಆಗ ಫ್ಯಾಕ್ಸ್ ಯಂತ್ರವನ್ನು ಬದಲಿಸುತ್ತಾರೆ, ಅದರ ತಂತಿ ಬದಲಿಸುತ್ತಾರೆ, ಕೊನೆಗೆ ಫ್ಯಾಕ್ಸ್‌ಗೆಂದು ಪ್ರತ್ಯೇಕ ಲೈನ್ ತೆಗೆದುಕೊಳ್ಳುತ್ತಾರೆ. ಆ ಲೈನ್‌ನಲ್ಲಿ ಫ್ಯಾಕ್ಸ್ ಚೆನ್ನಾಗಿ ಹೋಗುವುದರಿಂದ ಮೂಲ ದೋಷ ಹಾಗೆಯೇ ಉಳಿದುಬಿಡುತ್ತದೆ.

ನಡೆಯುತ್ತಿರುವುದು ಇಷ್ಟು. ಆಪರೇಟರ್‌ನ ಉಪಕರಣ ತನ್ನ ಗಡಿಯಾರದ ವೇಗದಲ್ಲಿ ಸೆಕೆಂಡಿಗೆ 20,48,000 ಬಿಟ್‌ಗಳನ್ನು ಕಳಿಸುತ್ತದೆ. ನಮ್ಮ ಇಪಿಎಬಿಎಕ್ಸ್ ಅವನ್ನು ತನ್ನ ಗಡಿಯಾರದ ವೇಗದಲ್ಲಿ ಓದುತ್ತದೆ. ಎರಡೂ ಒಂದೇ ಆಗಿರದಿದ್ದರೆ ನಡುವಿನ ಮೆಮೊರಿ ನಿಧಾನವಾಗಿ ತುಂಬುತ್ತದೆ ಅಥವಾ ಖಾಲಿಯಾಗುತ್ತದೆ, ಮತ್ತು ಒಂದು ಹಂತದಲ್ಲಿ 125 ಮೈಕ್ರೋಸೆಕೆಂಡ್‌ನ ಒಂದು ಇಡೀ ಫ್ರೇಮನ್ನು ಬಿಟ್ಟುಬಿಡುತ್ತದೆ ಅಥವಾ ಎರಡು ಬಾರಿ ಓದುತ್ತದೆ. ಇದನ್ನೇ ಸ್ಲಿಪ್ ಎನ್ನುವುದು. ಮಾತಿನಲ್ಲಿ ಒಂದು ಸ್ಯಾಂಪಲ್ ತಪ್ಪಿದರೆ ಕಿವಿ ಕ್ಷಮಿಸುತ್ತದೆ. ಮೋಡೆಮ್ ಸಂಕೇತದಲ್ಲಿ ಅದು ಅಲೆಯ ಹಂತವನ್ನೇ ಜಿಗಿಸುವುದರಿಂದ ಫ್ಯಾಕ್ಸ್ ಕ್ಷಮಿಸುವುದಿಲ್ಲ.

ಸ್ಲಿಪ್‌ಗಳ ನಡುವಿನ ಅಂತರವನ್ನು ಅಳೆದರೆ ದೋಷದ ಬಗೆಯೂ ತಿಳಿಯುತ್ತದೆ. ಗಡಿಯಾರಗಳ ವ್ಯತ್ಯಾಸ ಹತ್ತು ಲಕ್ಷಕ್ಕೆ 50 ಭಾಗವಿದ್ದರೆ ಪ್ರತಿ ಸೆಕೆಂಡಿಗೆ 50 ಮೈಕ್ರೋಸೆಕೆಂಡ್ ಸರಿಯುತ್ತದೆ, ಅಂದರೆ 2.5 ಸೆಕೆಂಡಿಗೆ ಒಂದು ಸ್ಲಿಪ್; 1 ಭಾಗವಿದ್ದರೆ 125 ಸೆಕೆಂಡಿಗೆ ಒಂದು. ಸೆಕೆಂಡ್‌ಗಳಲ್ಲಿ ಅಥವಾ ಕೆಲವೇ ನಿಮಿಷಗಳಲ್ಲಿ ಎಣಿಸುವಂತೆ ಸ್ಲಿಪ್ ಬರುತ್ತಿದ್ದರೆ ನಮ್ಮ ಯಂತ್ರ ತನ್ನ ಸ್ವಂತ ಕ್ರಿಸ್ಟಲ್ ಗಡಿಯಾರದ ಮೇಲೆ ನಡೆಯುತ್ತಿದೆ. ಕ್ಲಾಕ್ (ಗಡಿಯಾರ) ಮೂಲವನ್ನು ಒಳಗಿನದು ಎಂದು ಇಟ್ಟಿದ್ದರೆ ಅದನ್ನು ಪಿಆರ್‌ಐ ಟ್ರಂಕ್‌ನಿಂದ ಪಡೆಯುವಂತೆ ಬದಲಿಸಬೇಕು. ರಾಷ್ಟ್ರೀಯ ಮಟ್ಟದ ಎರಡು ಪ್ರಾಥಮಿಕ ಗಡಿಯಾರಗಳ ನಡುವೆ ಅಂತರರಾಷ್ಟ್ರೀಯ ಮಾನದಂಡ ಒಪ್ಪುವುದು ಸುಮಾರು 70 ದಿನಗಳಿಗೆ ಒಂದು ಸ್ಲಿಪ್ಪನ್ನು ಮಾತ್ರ. ಆದ್ದರಿಂದ ದಿನಕ್ಕೆ ಕೆಲವು ಸ್ಲಿಪ್ ಇದ್ದೇ ಇರುತ್ತದೆ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಅಷ್ಟಿದ್ದರೂ ಎಲ್ಲೋ ಒಂದು ಕೊಂಡಿ ತಪ್ಪಿದೆ.

ಎರಡು ಯಂತ್ರಗಳಿರುವ ಕಚೇರಿಯಲ್ಲಿ ಇನ್ನೊಂದು ಬಲೆಯಿದೆ. ಮುಖ್ಯ ಕಟ್ಟಡದ ಇಪಿಎಬಿಎಕ್ಸ್‌ನಿಂದ ಶಾಖೆಯ ಇಪಿಎಬಿಎಕ್ಸ್‌ಗೆ ಇ-1 (ಪಿಆರ್‌ಐನಷ್ಟೇ ವೇಗದ ಡಿಜಿಟಲ್) ಸಂಪರ್ಕವಿದ್ದು, ಮೊದಲನೆಯದು ಎರಡನೆಯದರಿಂದಲೂ ಎರಡನೆಯದು ಮೊದಲನೆಯದರಿಂದಲೂ ಕ್ಲಾಕ್ ಪಡೆಯುವಂತೆ ಇಟ್ಟಿದ್ದರೆ, ಅವೆರಡರ ನಡುವೆ ಒಂದೂ ಸ್ಲಿಪ್ ಕಾಣುವುದಿಲ್ಲ, ಆದರೆ ಎರಡೂ ಒಟ್ಟಾಗಿ ಆಪರೇಟರ್‌ನ ಗಡಿಯಾರದಿಂದ ದೂರ ಸರಿಯುತ್ತಾ ಹೋಗುತ್ತವೆ. ಕ್ಲಾಕ್ ಯಾವಾಗಲೂ ಆಪರೇಟರ್‌ನಿಂದ ಮುಖ್ಯ ಯಂತ್ರಕ್ಕೆ, ಅಲ್ಲಿಂದ ಶಾಖೆಗೆ ಒಂದೇ ದಿಕ್ಕಿನಲ್ಲಿ ಇಳಿಯಬೇಕು. ಎರಡು ಪಿಆರ್‌ಐ ಇದ್ದರೆ ಒಂದನ್ನು ಮೊದಲ ಆಯ್ಕೆ, ಇನ್ನೊಂದನ್ನು ಎರಡನೆಯ ಆಯ್ಕೆ ಎಂದು ಸ್ಪಷ್ಟವಾಗಿ ಬರೆದಿಡಬೇಕು. ಮೊದಲನೆಯದು ಕಡಿದಾಗ ಯಂತ್ರ ಎರಡನೆಯದಕ್ಕೆ ಹೋಗಿ, ಸರಿಯಾದ ಮೇಲೆ ಮರಳುತ್ತದೆಯೇ ಎಂಬುದನ್ನೂ ಒಮ್ಮೆ ಕೇಬಲ್ ತೆಗೆದು ನೋಡಬೇಕು.

ಡೇಟಾ ಸ್ವಿಚ್‌ನ ಕಡೆ

1980ರ ದಶಕದಲ್ಲಿ ಪಿಬಿಎಕ್ಸ್ ತಯಾರಕರು ಕಂಪ್ಯೂಟರ್‌ಗಳ ಡೇಟಾವನ್ನೂ ಅದೇ 64 ಕಿಲೋಬಿಟ್ ಮಾರ್ಗಗಳಲ್ಲಿ ಕಳಿಸಲು ಯಂತ್ರಗಳನ್ನು ಮಾಡಿದರು. ಕೊನೆಗೆ ಆದದ್ದು ತಿರುವುಮುರುವು, ಮಾತೇ ಕಂಪ್ಯೂಟರ್ ಜಾಲವಾದ ಈಥರ್ನೆಟ್‌ಗೆ ಬಂತು. 1990ರಲ್ಲಿ ಕಲ್ಪನಾ ಎಂಬ ಸಂಸ್ಥೆ ಮೊದಲ ಈಥರ್ನೆಟ್ ಸ್ವಿಚ್ ತಂದ ಮೇಲೆ ಪ್ರತಿ ಪೋರ್ಟ್‌ಗೂ ತನ್ನದೇ ದಾರಿ ಸಿಕ್ಕಿತು. ಇಲ್ಲಿಯೂ ವ್ಯಾಪ್ತಿಯ ತರ್ಕವೇ ನಡೆಯುತ್ತದೆ, ಆದರೆ ಒಂದು ಪೋರ್ಟ್‌ನ ತಪ್ಪು ಇಡೀ ಕಚೇರಿಗೆ ಹರಡುವ ಒಂದು ಸಂದರ್ಭವಿದೆ.

ಐಪಿ ಫೋನಿನ ಹಿಂದೆ ಎರಡು ಪೋರ್ಟ್‌ಗಳಿರುತ್ತವೆ, ಒಂದು ಗೋಡೆಗೆ, ಒಂದು ಕಂಪ್ಯೂಟರಿಗೆ. ಮೇಜು ಸರಿಸುವಾಗ ಯಾರಾದರೂ ಎರಡನ್ನೂ ಗೋಡೆಗೇ ಸಿಕ್ಕಿಸಿದರೆ ವೃತ್ತ ಮುಚ್ಚಿಕೊಳ್ಳುತ್ತದೆ. ಈಥರ್ನೆಟ್ ಫ್ರೇಮ್‌ಗೆ ಆಯುಷ್ಯದ ಮಿತಿ ಇಲ್ಲದ ಕಾರಣ ಒಂದು ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಸಂದೇಶ) ಸುತ್ತುತ್ತಲೇ ಹೆಚ್ಚಾಗಿ, ಕೆಲವೇ ಕ್ಷಣಗಳಲ್ಲಿ ಫೋನ್, ಕಂಪ್ಯೂಟರ್, ಪ್ರಿಂಟರ್ ಎಲ್ಲವೂ ನಿಲ್ಲುತ್ತವೆ. ಸ್ವಿಚ್‌ನ ದೀಪಗಳೆಲ್ಲ ಒಂದೇ ಲಯದಲ್ಲಿ ಬಿಡುವಿಲ್ಲದೆ ಮಿನುಗುವುದು, ಒಂದೇ ಮ್ಯಾಕ್ ವಿಳಾಸ (ಸಾಧನದ ಗುರುತು ಸಂಖ್ಯೆ) ಎರಡು ಪೋರ್ಟ್‌ಗಳ ನಡುವೆ ಹಾರಾಡುತ್ತಿದೆ ಎಂದು ಲಾಗ್‌ನಲ್ಲಿ ಬರುವುದು ಇದರ ಗುರುತು. ಹುಡುಕುವಾಗ ಮೇಲಿನ ಸ್ವಿಚ್‌ನಿಂದ ಕೆಳಗಿನವುಗಳಿಗೆ ಹೋಗುವ ಅಪ್‌ಲಿಂಕ್‌ಗಳಲ್ಲಿ ಅರ್ಧವನ್ನು ಬಿಡಿಸಬೇಕು. ಶಾಂತವಾದರೆ ದೋಷ ಬಿಡಿಸಿದ ಅರ್ಧದಲ್ಲಿದೆ, ಇಲ್ಲದಿದ್ದರೆ ಉಳಿದ ಅರ್ಧದಲ್ಲಿದೆ. ಹೀಗೆ ಅರ್ಧ ಮಾಡುತ್ತಾ ಹೋದರೆ ಬೇಗ ಒಂದೇ ಪೋರ್ಟ್‌ಗೆ ಬಂದು ನಿಲ್ಲಬಹುದು. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಇಂಥ ವೃತ್ತಗಳನ್ನು ತಾನೇ ಮುರಿಯುತ್ತದೆ, ಆದರೆ ಮೇಜಿನ ಕೆಳಗಿಡುವ ಅಗ್ಗದ ಸ್ವಿಚ್‌ಗಳಲ್ಲಿ ಅದು ಇರುವುದಿಲ್ಲ, ದೊಡ್ಡ ಸ್ವಿಚ್‌ಗಳಲ್ಲಿ ಯಾರೋ ಆರಿಸಿಟ್ಟಿರುತ್ತಾರೆ. ಬಳಕೆದಾರರ ಪೋರ್ಟ್‌ಗಳಲ್ಲಿ ಅದನ್ನು ಕಾವಲಿನ ಆಯ್ಕೆಯೊಂದಿಗೆ ಹಾಕಿಡುವುದು ಕಡ್ಡಾಯವೆಂದೇ ನಾನು ಹೇಳುತ್ತೇನೆ.

ವಿದ್ಯುತ್ ಹೋಗಿ ಬಂದ ಮೇಲೆ ಕೆಲವು ಐಪಿ ಫೋನ್‌ಗಳು ಮಾತ್ರ ಏಳದಿದ್ದರೆ ಡೇಟಾ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಪವರ್ ಓವರ್ ಈಥರ್ನೆಟ್‌ನ ಲೆಕ್ಕ ನೋಡಬೇಕು. 2003ರ ಮಾನದಂಡದಂತೆ ಸ್ವಿಚ್ ಮೊದಲು ಆ ತುದಿಯಲ್ಲಿ ಸುಮಾರು 25 ಕಿಲೋಓಮ್‌ನ ಗುರುತು ಇದೆಯೇ ಎಂದು ನೋಡಿ, ಇದ್ದರೆ ಮಾತ್ರ 44ರಿಂದ 57 ವೋಲ್ಟ್ ಕೊಡುತ್ತದೆ, ಪೋರ್ಟ್‌ಗೆ ಗರಿಷ್ಠ 15.4 ವ್ಯಾಟ್. 24 ಪೋರ್ಟ್‌ಗಳಿಗೂ ಅಷ್ಟು ಕೊಡಲು ಸುಮಾರು 370 ವ್ಯಾಟ್ ಬೇಕು. ಸ್ವಿಚ್‌ನ ಸಾಮರ್ಥ್ಯ ಅದರ ಅರ್ಧವಿದ್ದು, ಪ್ರತಿ ಪೋರ್ಟ್‌ಗೂ ಗರಿಷ್ಠವನ್ನೇ ಕಾಯ್ದಿರಿಸುವಂತೆ ಇಟ್ಟಿದ್ದರೆ 12 ಫೋನ್‌ಗಳ ನಂತರದವು ಕತ್ತಲಲ್ಲೇ ಉಳಿಯುತ್ತವೆ. ಅಂಥ ಫೋನನ್ನು ಬೆಳಗುತ್ತಿರುವ ಪೋರ್ಟ್‌ಗೆ ಬದಲಿಸಿದ ಕೂಡಲೇ ಅದು ಎದ್ದರೆ ಫೋನಿನದೂ ಕೇಬಲಿನದೂ ತಪ್ಪಿಲ್ಲ. ಗುರುತಿನ ಹಂತದಲ್ಲೇ ಸೋಲುತ್ತಿದ್ದರೆ ಕನೆಕ್ಟರ್ ಕಿಲುಬು ಹಿಡಿದಿದೆಯೇ, ಕೇಬಲ್ 100 ಮೀಟರ್ ಮೀರಿದೆಯೇ ಎಂದು ನೋಡಬೇಕು.

ಒಂದೇ ಫೋನಿನಲ್ಲಿ ಮಾತು ಒಡೆದು ಬರುತ್ತಿದ್ದರೆ ಆ ಪೋರ್ಟ್‌ನ ಎಣಿಕೆಗಳನ್ನು ತೆರೆಯಿರಿ. ಒಂದು ತುದಿಯಲ್ಲಿ ತಡವಾದ ಕೊಲಿಷನ್‌ಗಳು, ಇನ್ನೊಂದು ತುದಿಯಲ್ಲಿ ಸಿಆರ್‌ಸಿ ದೋಷಗಳು (ಕೆಟ್ಟು ಬಂದ ಫ್ರೇಮ್‌ಗಳ ಎಣಿಕೆ) ಏರುತ್ತಿದ್ದರೆ ಒಂದು ಕಡೆ ಹಾಫ್ ಡುಪ್ಲೆಕ್ಸ್ (ಒಮ್ಮೆಗೆ ಒಂದೇ ದಿಕ್ಕು), ಇನ್ನೊಂದು ಕಡೆ ಫುಲ್ ಡುಪ್ಲೆಕ್ಸ್ (ಒಮ್ಮೆಗೇ ಎರಡೂ ದಿಕ್ಕು) ಆಗಿದೆ. ಎರಡನ್ನೂ ಆಟೋಗೆ ಬಿಡಬೇಕು. ಎರಡೂ ತುದಿಗಳು ಫುಲ್ ಡುಪ್ಲೆಕ್ಸ್ ಆಗಿದ್ದೂ ಸಿಆರ್‌ಸಿ ದೋಷಗಳು ಏರುತ್ತಿದ್ದರೆ ಕೇಬಲ್ ಬದಲಿಸಬೇಕು.

ದುರಸ್ತಿ ಮುಗಿದ ಮೇಲೆ ಎಣಿಕೆಗಳನ್ನೆಲ್ಲ ಶೂನ್ಯಕ್ಕೆ ತಂದು, ಆ ಹೊತ್ತನ್ನು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. 24 ಗಂಟೆಗಳ ನಂತರ ಮತ್ತೆ ನೋಡಿದಾಗ ಪಿಆರ್‌ಐ ಸ್ಲಿಪ್‌ಗಳು ಶೂನ್ಯವೇ ಇರಬೇಕು, ದುರಸ್ತಿಯಾದ ಜೋಡಿಯ ವೋಲ್ಟೇಜ್ ನೆರೆಯ ಜೋಡಿಗಳಿಗೆ ಸಮನಾಗಿರಬೇಕು, ಸ್ವಿಚ್ ಪೋರ್ಟ್‌ನ ಸಿಆರ್‌ಸಿ ಎಣಿಕೆ ಕದಲಿರಬಾರದು. ಇವುಗಳಲ್ಲಿ ಒಂದಾದರೂ ತಪ್ಪಿದ್ದರೆ ದೂರನ್ನು ಮುಚ್ಚದೆ, ಆ ಅಂಕಿಯನ್ನು ಹಿಡಿದು ಮತ್ತೆ ಎಂಡಿಎಫ್‌ನಿಂದ ಆರಂಭಿಸಬೇಕು.